ಮಲೇರಿಯಾಕ್ಕೆಂದು ತೆಗೆದ ರಕ್ತ

ಮಲೇರಿಯಾದ ಬಗ್ಗೆ ನೀವು ಒಂದು ಪಾಠ ಓದಿದ್ದೀರಿ, ಏಡ್ಸ್ ಬಗ್ಗೆ ಇನ್ನೊಂದು. ಒಂದರಲ್ಲಿ ನಿಂತ ನೀರು, ಸೊಳ್ಳೆ ಮತ್ತು ಚಳಿಜ್ವರದ ಮಾತಿರುತ್ತದೆ. ಇನ್ನೊಂದರಲ್ಲಿ ವೈರಸ್ಸು, ರಕ್ತ ಮತ್ತು ರೋಗನಿರೋಧಕ ಶಕ್ತಿಯ ವಿವರ ಬರುತ್ತದೆ. ಆರೋಗ್ಯ ಇಲಾಖೆಗಳಲ್ಲಿಯೂ ಇವೆರಡಕ್ಕೆ ಬೇರೆ ಬೇರೆ ಅಧಿಕಾರಿಗಳು, ಬೇರೆ ಬೇರೆ ಕಡತಗಳು. ಆದರೆ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮಗುವಿನ ರಕ್ತನಾಳದಲ್ಲಿ, ಈ ಎರಡೂ ರೋಗಗಳು ಸಂಧಿಸಿದ ಇತಿಹಾಸ ಒಂದಿದೆ. ಇಲ್ಲಿ ಹೇಳಹೊರಟಿರುವುದು ಅದನ್ನೇ. ಊರು ಆಫ್ರಿಕದ ಮಧ್ಯಭಾಗದಲ್ಲಿ ಕಾಂಗೋ ನದಿಯ ದಡದಲ್ಲಿರುವ ಕಿನ್ಶಾಸಾ. ಬೆಲ್ಜಿಯಂ ದೇಶದವರು ಆಳುತ್ತಿದ್ದಾಗ ಅದರ ಹೆಸರು ಲಿಯೊಪೋಲ್ಡ್‌ವಿಲ್ ಎಂದಿತ್ತು.

1959ನೆಯ ಇಸವಿ. ಕಾಂಗೋ ಸ್ವತಂತ್ರವಾಗಲು ಇನ್ನೊಂದು ವರ್ಷವಿತ್ತು. ಆ ವರ್ಷದ ಜನವರಿಯಲ್ಲಿ ಲಿಯೊಪೋಲ್ಡ್‌ವಿಲ್‌ನ ಬೀದಿಗಳಲ್ಲಿ ದೊಡ್ಡ ಗಲಭೆಗಳಾಗಿದ್ದವು. ಅದೇ ವರ್ಷ ಆ ದೇಶದ ಜನರಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸುವ ಕೆಲಸವೊಂದು ನಡೆಯಿತು. ಅದರ ಹಿಂದಿದ್ದವರಲ್ಲಿ ಮುಖ್ಯನಾದವನು ಆರ್ನೊ ಮೊಟುಲ್ಸ್ಕಿ ಎಂಬ ಅಮೆರಿಕದ ವೈದ್ಯ.

ಮೊಟುಲ್ಸ್ಕಿಯ ಬದುಕೇ ಒಂದು ಇತಿಹಾಸ. ಅವನು 1923ರಲ್ಲಿ ಅಂದಿನ ಜರ್ಮನಿಯ ಪೂರ್ವ ಪ್ರಷ್ಯದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ. 1939ರಲ್ಲಿ ಹಿಟ್ಲರನ ಆಡಳಿತದಿಂದ ತಪ್ಪಿಸಿಕೊಳ್ಳಲು 'ಸೇಂಟ್ ಲೂಯಿಸ್' ಎಂಬ ಹಡಗನ್ನು ಹತ್ತಿದ ನೂರಾರು ನಿರಾಶ್ರಿತರಲ್ಲಿ ಅವನೂ ಇದ್ದ. ಕ್ಯೂಬಾ ಆ ಹಡಗಿನ ಬಹುತೇಕ ಜನರನ್ನು ಇಳಿಯಗೊಡಲಿಲ್ಲ, ಅಮೆರಿಕವೂ ಬಾಗಿಲು ತೆರೆಯಲಿಲ್ಲ. ಹಡಗು ಯೂರೋಪಿಗೇ ಮರಳಿತು. ಫ್ರಾನ್ಸಿನ ಶಿಬಿರಗಳಲ್ಲಿ ಬಂದಿಯಾಗಿದ್ದು, ಕೊನೆಗೂ 1941ರಲ್ಲಿ ಅಮೆರಿಕವನ್ನು ತಲುಪಿದ ಆ ಹುಡುಗ ಮುಂದೆ ವೈದ್ಯನಾಗಿ, ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ತಳಿವಿಜ್ಞಾನದ ವಿಭಾಗವನ್ನು ಕಟ್ಟಿದ.

ತಳಿವಿಜ್ಞಾನಿಗೆ ಮಲೇರಿಯಾದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ಬಹಳ ಸ್ವಾರಸ್ಯವಾಗಿದೆ. ಪ್ರೈಮಾಕ್ವಿನ್ ಎಂಬ ಮಲೇರಿಯಾ ಔಷಧಿಯನ್ನು ಕೊಟ್ಟಾಗ ಕೆಲವರ ಕೆಂಪು ರಕ್ತಕಣಗಳು ಒಡೆದುಹೋಗುತ್ತಿದ್ದವು. ಅಂಥವರ ರಕ್ತಕಣಗಳಲ್ಲಿ ಜಿ6ಪಿಡಿ ಎಂಬ ಒಂದು ಕಿಣ್ವದ ಕೊರತೆಯಿದೆ ಎಂಬುದು 1956ರಲ್ಲಿ ಗೊತ್ತಾಯಿತು. ಈ ಕೊರತೆ ತಂದೆತಾಯಿಗಳಿಂದ ಮಕ್ಕಳಿಗೆ ಬರುತ್ತದೆ. ಹಾನಿ ಮಾಡುವ ಇಂಥ ಗುಣವೊಂದು ಆಫ್ರಿಕ ಮತ್ತು ಮೆಡಿಟರೇನಿಯನ್ ತೀರಗಳ ಜನರಲ್ಲಿ ಇಷ್ಟೊಂದು ಸಾಮಾನ್ಯವಾಗಿ ಉಳಿದುಬಂದದ್ದು ಹೇಗೆ? ಕೆಲವು ರಕ್ತದೋಷಗಳು ಮಲೇರಿಯಾದಿಂದ ರಕ್ಷಣೆ ಕೊಡುವುದರಿಂದಲೇ ಉಳಿದುಕೊಂಡಿರಬಹುದು ಎಂದು ಜೆ. ಬಿ. ಎಸ್. ಹಾಲ್ಡೇನ್ ಮೊದಲೇ ಸೂಚಿಸಿದ್ದ. ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಹಾಲ್ಡೇನ್ ಇವನೇ. ಕುಡುಗೋಲು ಆಕಾರದ ರಕ್ತಕಣಗಳ ವಿಷಯದಲ್ಲಿ ಆಂಥೊನಿ ಆಲಿಸನ್ 1954ರಲ್ಲಿ ಇದಕ್ಕೆ ಆಧಾರವನ್ನೂ ಒದಗಿಸಿದ್ದ. ಜಿ6ಪಿಡಿ ಕೊರತೆಯೂ ಹಾಗೆಯೇ ಇರಬಹುದೆ? ಮಲೇರಿಯಾ ಹೆಚ್ಚಿರುವ ಕಡೆಗಳಲ್ಲಿ ಈ ಗುಣವೂ ಹೆಚ್ಚಿದೆಯೆ? ಮೊಟುಲ್ಸ್ಕಿ ಮತ್ತು ಅವನ ಸಂಗಡಿಗರು ಕಾಂಗೋದಲ್ಲಿ ರಕ್ತ ಸಂಗ್ರಹಿಸಿದ್ದು ಇಂಥ ಪ್ರಶ್ನೆಗಳಿಗಾಗಿ.

ಆ ಕೆಲಸದ ವರದಿ 1966ರಲ್ಲಿ ಪ್ರಕಟವಾಯಿತು. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಉಳಿದ ಮಾದರಿಗಳನ್ನು ಮೊಟುಲ್ಸ್ಕಿ ಚೆಲ್ಲಲಿಲ್ಲ, ಹಿಮಗಟ್ಟಿಸಿ ಇಟ್ಟ. ಒಂದು ಪ್ರಯೋಗಾಲಯದಲ್ಲಿ ಹಳೆಯ ನಳಿಕೆಗಳನ್ನು ಇಪ್ಪತ್ತೇಳು ವರ್ಷ ಜೋಪಾನ ಮಾಡುವುದೆಂದರೆ ಸಣ್ಣ ಮಾತಲ್ಲ. ಜಾಗದ ಅಭಾವ, ವಿದ್ಯುತ್ತಿನ ಖರ್ಚು, 'ಇದೆಲ್ಲ ಯಾಕೆ' ಎನ್ನುವ ಸಹೋದ್ಯೋಗಿಗಳು: ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವರಿಗೆ ಇದೆಲ್ಲ ಗೊತ್ತು.

1981ರಲ್ಲಿ ಅಮೆರಿಕದಲ್ಲಿ ಏಡ್ಸ್ ರೋಗ ಮೊದಲು ಗುರುತಿಸಲ್ಪಟ್ಟಿತು. 1983ರಲ್ಲಿ ಅದರ ವೈರಸ್ಸನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಬೇರ್ಪಡಿಸಿದರು. 1985ರ ಹೊತ್ತಿಗೆ ರಕ್ತಪರೀಕ್ಷೆಯೂ ಬಂತು. ಆಗ ಸಹಜವಾಗಿಯೇ ಎದ್ದ ಪ್ರಶ್ನೆ: ಈ ವೈರಸ್ಸು ನಿಜವಾಗಿ ಹೊಸದೇ, ಅಥವಾ ನಮಗೆ ಕಾಣದೆ ಮೊದಲಿನಿಂದಲೂ ಇತ್ತೆ? ಆಂದ್ರೆ ನಹ್ಮಿಯಸ್ ಎಂಬ ವಿಜ್ಞಾನಿ ಹಳೆಯ ರಕ್ತವನ್ನು ಹುಡುಕತೊಡಗಿದ. ಮೊಟುಲ್ಸ್ಕಿಯ ನಳಿಕೆಗಳೂ ಸೇರಿದಂತೆ, 1959ರಿಂದ 1982ರವರೆಗೆ ಆಫ್ರಿಕದಲ್ಲಿ ಸಂಗ್ರಹವಾಗಿದ್ದ 1,213 ಮಾದರಿಗಳ ಪರೀಕ್ಷೆ ನಡೆಯಿತು. ಎಲ್ಲ ಬಗೆಯ ಪರೀಕ್ಷೆಗಳಲ್ಲಿಯೂ ಸಂದೇಹಕ್ಕೆ ಎಡೆಯಿಲ್ಲದೆ ನಿಂತದ್ದು ಒಂದೇ ಒಂದು. ಅದು 1959ರಲ್ಲಿ ಲಿಯೊಪೋಲ್ಡ್‌ವಿಲ್‌ನಲ್ಲಿ ಒಬ್ಬ ಪುರುಷನಿಂದ ತೆಗೆದ ರಕ್ತ. ಅವನು ಯಾರು, ಮುಂದೆ ಅವನಿಗೆ ಏನಾಯಿತು ಎಂಬುದು ಯಾರಿಗೂ ತಿಳಿಯದು. 1986ರಲ್ಲಿ ಈ ವರದಿ ಹೊರಬಂತು. 1998ರಲ್ಲಿ ಅದೇ ನಳಿಕೆಯಿಂದ ವೈರಸ್ಸಿನ ವಂಶಲಿಪಿಯ ತುಣುಕುಗಳನ್ನೂ ಓದಲಾಯಿತು. ಮಾನವನಲ್ಲಿ ಎಚ್‌ಐವಿ ಇದ್ದುದಕ್ಕೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಖಚಿತ ಸಾಕ್ಷ್ಯ ಅದು.

1960ರ ಇನ್ನೊಂದು ಮಾದರಿಯೂ ಅದೇ ನಗರದಲ್ಲಿ ದೊರೆಯಿತು. ಎರಡು ಮಾದರಿಗಳ ವೈರಸ್ಸುಗಳಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅಳೆದು, ಅವುಗಳ ಮೂಲಪುರುಷ ಎಂದಿನದು ಎಂದು 2008ರಲ್ಲಿ ಲೆಕ್ಕಹಾಕಿದರು. ಇಪ್ಪತ್ತನೆಯ ಶತಮಾನದ ಆರಂಭದ ಆಸುಪಾಸು ಎಂದು ಉತ್ತರ ಬಂತು. ಎರಡು ಊರುಗಳ ಕನ್ನಡದ ವ್ಯತ್ಯಾಸ ನೋಡಿ ಅವು ಎಂದು ಬೇರೆಯಾದವೆಂದು ಭಾಷಾಶಾಸ್ತ್ರಜ್ಞರು ಅಂದಾಜು ಮಾಡುವುದಿಲ್ಲವೆ, ಹೆಚ್ಚುಕಡಿಮೆ ಅದೇ ಕ್ರಮ. ಹೀಗೆ ಮಲೇರಿಯಾದ ಪ್ರಶ್ನೆಗಳಿಗೆಂದು ತೆಗೆದ ರಕ್ತ ಎಚ್‌ಐವಿಯ ಚರಿತ್ರೆಗೆ ಮೊದಲ ಪುಟವನ್ನು ಒದಗಿಸಿತು.

ಈಗ ಅದೇ ನಗರದ ಒಂದು ಆಸ್ಪತ್ರೆಗೆ ಬರೋಣ. ಸ್ವಾತಂತ್ರ್ಯಾನಂತರ ದೇಶದ ಹೆಸರು ಜೈರ್ ಎಂದಾಗಿತ್ತು. ಸರ್ವಾಧಿಕಾರಿ ಮೊಬುಟು ತನ್ನ ತಾಯಿಯ ಹೆಸರನ್ನೇ ರಾಜಧಾನಿಯ ದೊಡ್ಡಾಸ್ಪತ್ರೆಗೆ ಇಟ್ಟಿದ್ದ: ಮಾಮಾ ಯೆಮೊ ಆಸ್ಪತ್ರೆ. ಸುಮಾರು ಎರಡು ಸಾವಿರ ಹಾಸಿಗೆಗಳ ಆಸ್ಪತ್ರೆ ಅದು. 1984ರಲ್ಲಿ ಅಲ್ಲಿ 'ಪ್ರೊಜೆ ಸೀಡಾ' ಎಂಬ ಸಂಶೋಧನಾ ಯೋಜನೆ ಆರಂಭವಾಯಿತು. 'ಸೀಡಾ' ಎಂದರೆ ಫ್ರೆಂಚ್ ಭಾಷೆಯಲ್ಲಿ ಏಡ್ಸ್. ಜೈರ್, ಅಮೆರಿಕ ಮತ್ತು ಬೆಲ್ಜಿಯಂ ದೇಶಗಳ ಸಂಸ್ಥೆಗಳು ಸೇರಿ ನಡೆಸಿದ ಈ ಯೋಜನೆಯ ಮೊದಲ ನಿರ್ದೇಶಕ ಜೊನಾಥನ್ ಮನ್.

ಆ ದಿನಗಳಲ್ಲಿ ಎಲ್ಲರ ತಲೆಯಲ್ಲೂ ಒಂದು ಭಯವಿತ್ತು. ಇಂದಿಗೂ ತರಗತಿಗಳಲ್ಲಿ ಅದು ಪ್ರಶ್ನೆಯಾಗಿ ಬರುತ್ತದೆ: ಎಚ್‌ಐವಿ ಇರುವವರ ರಕ್ತ ಹೀರಿದ ಸೊಳ್ಳೆ ನನ್ನನ್ನು ಕಚ್ಚಿದರೆ? ಕೇಳಲು ನಾಚಬೇಕಾದ ಪ್ರಶ್ನೆ ಇದಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳೇ ಕೇಳಿಕೊಂಡದ್ದು. ಉತ್ತರಕ್ಕೆ ಮಲೇರಿಯಾವೇ ದಾರಿ ತೋರಿಸುತ್ತದೆ. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿ ಬೆಳೆಯುತ್ತಿರುವುದನ್ನು ಕಂಡ. ಅದಕ್ಕೆ ಹದಿನಾಲ್ಕು ವರ್ಷ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆಗಳನ್ನು ಕಡಿಮೆ ಮಾಡಬಹುದು ಎಂಬುದನ್ನು ಗಮನಿಸಿದ್ದವನೂ ಇವನೇ. ಮಲೇರಿಯಾದ ಪರೋಪಜೀವಿಗೆ ಸೊಳ್ಳೆಯ ದೇಹ ಒಂದು ಮನೆ. ಅಲ್ಲಿ ಅದು ಬೆಳೆದು, ಸಂಖ್ಯೆಯಲ್ಲಿ ಹೆಚ್ಚಿ, ಜೊಲ್ಲಿನ ಗ್ರಂಥಿಗೆ ಬಂದು ಕಾದಿರುತ್ತದೆ. ಎಚ್‌ಐವಿಗೆ ಅಂಥ ಆಶ್ರಯವೇ ಇಲ್ಲ, ಸೊಳ್ಳೆಯ ಹೊಟ್ಟೆಯಲ್ಲಿ ಅದು ರಕ್ತದೊಂದಿಗೆ ಜೀರ್ಣವಾಗಿ ಹೋಗುತ್ತದೆ. ಕಚ್ಚುವಾಗ ಸೊಳ್ಳೆ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ.

ಇದು ಪ್ರಯೋಗಾಲಯದ ಉತ್ತರ. ಊರಿನ ಉತ್ತರ ಇನ್ನೂ ಸರಳವಾಗಿತ್ತು. ಸೊಳ್ಳೆ ವಯಸ್ಸು ನೋಡಿ ಕಚ್ಚುವುದಿಲ್ಲ. ಮಲೇರಿಯಾದಿಂದ ಅತಿ ಹೆಚ್ಚು ನರಳುವವರು ಮಕ್ಕಳೇ. ಎಚ್‌ಐವಿ ಸೊಳ್ಳೆಯಿಂದ ಹರಡುವುದಾಗಿದ್ದರೆ ಐದರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಅದು ತುಂಬಿರಬೇಕಾಗಿತ್ತು. ಆಫ್ರಿಕದಲ್ಲಿ ಎಣಿಸಿ ನೋಡಿದಾಗ ಸೋಂಕು ಕಂಡದ್ದು ಮುಖ್ಯವಾಗಿ ವಯಸ್ಕರಲ್ಲಿ, ಮತ್ತು ಸೋಂಕಿತ ತಾಯಂದಿರ ಕೂಸುಗಳಲ್ಲಿ. ನಡುವಿನ ವಯಸ್ಸಿನವರು ಬಹುಮಟ್ಟಿಗೆ ಪಾರಾಗಿದ್ದರು. ಸೊಳ್ಳೆ ನಿರಪರಾಧಿ ಎಂದು ತೀರ್ಮಾನವಾಯಿತು.

ಆದರೆ ಮಲೇರಿಯಾ ನಿರಪರಾಧಿಯಾಗಿರಲಿಲ್ಲ. ಮಾಮಾ ಯೆಮೊ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ತಾಯಿಗೆ ಸೋಂಕಿಲ್ಲದ ಕೆಲವು ಮಕ್ಕಳಲ್ಲಿಯೂ ಎಚ್‌ಐವಿ ಕಾಣತೊಡಗಿತ್ತು. ಅದು ಬಂದ ದಾರಿ ಯಾವುದು? ಅಮೆರಿಕದ ರೋಗನಿಯಂತ್ರಣ ಕೇಂದ್ರದ ಆಲನ್ ಗ್ರೀನ್‌ಬರ್ಗ್, ಮಲೇರಿಯಾ ತಜ್ಞ ಫುಕ್ ನ್ಗುಯೆನ್-ದಿನ್, ಮಕ್ಕಳ ವೈದ್ಯ ಫರ್ಜಿನ್ ದವಾಚಿ ಮತ್ತು ಜೈರ್‌ನ ವೈದ್ಯರು ಸೇರಿ ಇದರ ಬೆನ್ನುಹತ್ತಿದರು. ಮಲೇರಿಯಾದವನೂ ಏಡ್ಸ್‌ನವನೂ ಒಂದೇ ಮೇಜಿನ ಸುತ್ತ ಕುಳಿತದ್ದೇ ಇಲ್ಲಿನ ವಿಶೇಷವೆಂದು ನನಗೆ ಅನಿಸುತ್ತದೆ.

ಅವರು ಮಾಡಿದ್ದು ಎಣಿಕೆ. ಆಸ್ಪತ್ರೆಯಲ್ಲಿದ್ದ 167 ಮಕ್ಕಳನ್ನು ಪರೀಕ್ಷಿಸಿದರು. ಅವರಲ್ಲಿ 112 ಮಕ್ಕಳಿಗೆ ಮಲೇರಿಯಾ ಇತ್ತು. ಮಲೇರಿಯಾ ಮತ್ತು ಎಚ್‌ಐವಿ ಎರಡೂ ಇದ್ದ 11 ಮಕ್ಕಳಲ್ಲಿ 10 ಮಕ್ಕಳಿಗೆ ಆಸ್ಪತ್ರೆಯಲ್ಲಿಯೇ ರಕ್ತ ಕೊಡಲಾಗಿತ್ತು. ರಕ್ತ ಕೊಡುವುದಕ್ಕೆ ಮೊದಲು ತೆಗೆದಿದ್ದ ಮಾದರಿಗಳು ನಾಲ್ಕು ಮಕ್ಕಳದ್ದು ಸಿಕ್ಕವು. ನಾಲ್ಕರಲ್ಲೂ ಸೋಂಕಿರಲಿಲ್ಲ. ಅವರು ತುರ್ತು ಚಿಕಿತ್ಸಾ ವಿಭಾಗದ ಸಾವಿರ ದಾಖಲೆಗಳನ್ನೂ ತಿರುವಿಹಾಕಿದರು. ರಕ್ತ ಪಡೆದ 69 ಮಕ್ಕಳಲ್ಲಿ 60 ಮಕ್ಕಳಿಗೆ ಮಲೇರಿಯಾ ಆಗಿತ್ತು. ಹೆಚ್ಚು ಸಲ ರಕ್ತ ಪಡೆದಷ್ಟೂ ಸೋಂಕಿನ ಸಂಭವವೂ ಏರುತ್ತಿತ್ತು. 1988ರ ಜನವರಿಯಲ್ಲಿ ಈ ವರದಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಸಂಖ್ಯೆಗಳ ಹಿಂದಿನ ಸರಪಳಿಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಫಾಲ್ಸಿಪ್ಯಾರಮ್ ಎಂಬ ಜಾತಿಯ ಮಲೇರಿಯಾ ಪರೋಪಜೀವಿ ಕೆಂಪು ರಕ್ತಕಣಗಳನ್ನು ಹೊಕ್ಕು, ಬೆಳೆದು, ಅವುಗಳನ್ನು ಒಡೆದು ಹೊರಬರುತ್ತದೆ. ಪುಟ್ಟ ಮಗುವಿಗೆ ಮೇಲಿಂದ ಮೇಲೆ ಜ್ವರ ಬಂದರೆ ರಕ್ತವೇ ತೆಳ್ಳಗಾಗಿ ಹೋಗುತ್ತದೆ. ಮೊದಲು ಕ್ಲೋರೋಕ್ವಿನ್ ಎಂಬ ಅಗ್ಗದ ಮಾತ್ರೆ ಇದನ್ನು ತಡೆಯುತ್ತಿತ್ತು. 1980ರ ದಶಕದಲ್ಲಿ ಆ ಮಾತ್ರೆಗೆ ಬಗ್ಗದ ಪರೋಪಜೀವಿಗಳು ಕಿನ್ಶಾಸಾದಲ್ಲಿಯೂ ಕಾಣಿಸಿಕೊಂಡವು. ತಾಯಿ ಮಾತ್ರೆ ಕೊಡುತ್ತಾಳೆ, ಜ್ವರ ಇಳಿದಂತೆ ಕಾಣುತ್ತದೆ, ಮತ್ತೆ ಏರುತ್ತದೆ. ಕೊನೆಗೆ ಅಂಗೈ, ಕಣ್ಣು, ನಾಲಿಗೆ ಎಲ್ಲ ಬಿಳಿಚಿಕೊಂಡು, ಏದುಸಿರು ಬಿಡುವ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿಬರುತ್ತಾಳೆ. ವೈದ್ಯ ಏನು ಮಾಡಬೇಕು? ರಕ್ತ ಕೊಡದಿದ್ದರೆ ಮಗು ಈ ರಾತ್ರಿ ಉಳಿಯದಿರಬಹುದು. ಕೊಟ್ಟರೆ ಉಳಿಯುತ್ತದೆ, ಆದರೆ ಆ ಸೀಸೆಯಲ್ಲಿ ಏನಿದೆಯೋ ತಿಳಿಯದು. ಎಚ್‌ಐವಿಗಾಗಿ ರಕ್ತವನ್ನು ಪರೀಕ್ಷಿಸುವ ವ್ಯವಸ್ಥೆ ಆ ವೇಳೆಗೆ ಅಲ್ಲಿ ನೆಲೆಗೊಂಡಿರಲಿಲ್ಲ. ಆ ವೈದ್ಯರನ್ನು ದೂರುವುದು ಸುಲಭ. ಅವರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಮ್ಮೆ ಯೋಚಿಸಿ.

ರಕ್ತವನ್ನು ಪರೀಕ್ಷಿಸಿಯೇ ಕೊಡಬೇಕು ಎಂಬುದು ಮೊದಲ ಪರಿಹಾರ. ನಮ್ಮ ದೇಶವೂ ಆ ದಾರಿಯಲ್ಲಿ ಸಾಗಿತು. ಹಣಕ್ಕಾಗಿ ರಕ್ತ ಮಾರುವ ಪದ್ಧತಿಯನ್ನು ಕೊನೆಗಾಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರ ಜನವರಿಯಲ್ಲಿ ತೀರ್ಪು ನೀಡಿತು. 1998ರ ಜನವರಿ 1ರಿಂದ ಅದು ನಿಷೇಧವಾಯಿತು. ನಿಮ್ಮ ಕಾಲೇಜಿನ ರಕ್ತದಾನ ಶಿಬಿರಗಳಿಗೆ ಇಂದು ಇಷ್ಟು ಮಹತ್ವವಿರುವುದಕ್ಕೆ ಆ ತೀರ್ಪೂ ಒಂದು ಕಾರಣ.

ಆದರೆ ಕಿನ್ಶಾಸಾದ ವರದಿ ಇನ್ನೂ ಒಂದು ಪ್ರಶ್ನೆಯನ್ನು ಹುಟ್ಟಿಸಿತ್ತು. ಬಿಳಿಚಿಕೊಂಡ ಪ್ರತಿ ಮಗುವಿಗೂ ರಕ್ತ ಬೇಕೇ ಬೇಕೆ? ಕೀನ್ಯಾದ ಸಿಯಾಯಾ ಜಿಲ್ಲಾಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದನ್ನು ಈವ್ ಲ್ಯಾಕ್ರಿಟ್ಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ಹಿಮೋಗ್ಲೋಬಿನ್ ತೀರಾ ಇಳಿದು ಉಸಿರಾಟಕ್ಕೂ ಕಷ್ಟವಾಗಿರುವ ಮಕ್ಕಳಿಗೆ ರಕ್ತ ಜೀವದಾನ. ಅದೂ ಆಸ್ಪತ್ರೆಗೆ ಬಂದ ದಿನ ಅಥವಾ ಮರುದಿನದೊಳಗೆ ಕೊಟ್ಟರೆ. ತಡವಾಗಿ ಕೊಟ್ಟ ರಕ್ತದಿಂದ ಅಂಥ ಪ್ರಯೋಜನ ಕಾಣಲಿಲ್ಲ. ಈ ಪ್ರಶ್ನೆಗೆ ದೊಡ್ಡ ಪ್ರಮಾಣದ ಉತ್ತರ ಸಿಕ್ಕಲು 2019ರವರೆಗೆ ಕಾಯಬೇಕಾಯಿತು. ಉಗಾಂಡ ಮತ್ತು ಮಲಾವಿ ದೇಶಗಳಲ್ಲಿ ಕ್ಯಾಥರಿನ್ ಮೇಟ್‌ಲ್ಯಾಂಡ್ ನೇತೃತ್ವದಲ್ಲಿ, ಹಿಮೋಗ್ಲೋಬಿನ್ ಡೆಸಿಲೀಟರಿಗೆ 4ರಿಂದ 6 ಗ್ರಾಂ ಇದ್ದು ಬೇರೆ ಅಪಾಯದ ಲಕ್ಷಣಗಳಿಲ್ಲದ ಸುಮಾರು 1,500 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ರಕ್ತ. ಇನ್ನೊಂದನ್ನು ಎಚ್ಚರದಿಂದ ಕಾದು ನೋಡಿ, ಸ್ಥಿತಿ ಕೆಟ್ಟರೆ ಮಾತ್ರ ರಕ್ತ. ಎರಡನೆಯ ಗುಂಪಿನ ಅರ್ಧದಷ್ಟು ಮಕ್ಕಳಿಗೆ ರಕ್ತದ ಅಗತ್ಯವೇ ಬೀಳಲಿಲ್ಲ. 28 ದಿನಗಳ ಕೊನೆಗೆ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವೂ ಇರಲಿಲ್ಲ. 1980ರ ದಶಕದ ವೈದ್ಯನ ಕೈಯಲ್ಲಿ ಈ ತಿಳಿವಳಿಕೆ ಇದ್ದಿದ್ದರೆ ಎಷ್ಟು ಸೀಸೆಗಳು ಉಳಿಯುತ್ತಿದ್ದವು!

ಮತ್ತೆ ಕಿನ್ಶಾಸಾಕ್ಕೆ. ರಕ್ತದ ಸೀಸೆಯ ಮೂಲಕವಲ್ಲದೆ, ನೇರವಾಗಿ ಈ ಎರಡು ರೋಗಗಳು ಒಂದನ್ನೊಂದು ಕೆಣಕುತ್ತವೆಯೆ? ಎಚ್‌ಐವಿ ದೇಹದ ರಕ್ಷಣಾ ಪಡೆಯನ್ನೇ ಕುಗ್ಗಿಸುವುದರಿಂದ ಮಲೇರಿಯಾ ಕೆರಳುತ್ತದೆಂದು ಯಾರಾದರೂ ಊಹಿಸುತ್ತಾರೆ. ಗ್ರೀನ್‌ಬರ್ಗ್ ಮತ್ತು ಸಂಗಡಿಗರು 587 ಮಕ್ಕಳನ್ನು ಹುಟ್ಟಿನಿಂದ ಅನುಸರಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ ಊಹೆಗೆ ವಿರುದ್ಧವಾಗಿತ್ತು. ಸೋಂಕಿತ ಮಕ್ಕಳಲ್ಲಿ ಮಲೇರಿಯಾ ಹೆಚ್ಚೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ತಾನು ಹುಡುಕಿದ್ದು ಸಿಗದಿದ್ದಾಗ ಹಾಗೆಂದೇ ಬರೆದು ಪ್ರಕಟಿಸುವುದು ವಿಜ್ಞಾನದಲ್ಲಿ ನಾವು ಅಷ್ಟಾಗಿ ಹೊಗಳದ ಒಂದು ಗುಣ. ಅದೇ 1991ರ ಸೆಪ್ಟೆಂಬರಿನಲ್ಲಿ ಸಂಬಳವಿಲ್ಲದ ಸೈನಿಕರು ಕಿನ್ಶಾಸಾವನ್ನು ಲೂಟಿ ಮಾಡಿದರು. ವಿದೇಶಿಯರು ದೇಶ ಬಿಟ್ಟರು, ಪ್ರೊಜೆ ಸೀಡಾ ನಿಂತುಹೋಯಿತು. ಜೊನಾಥನ್ ಮನ್ ಅಷ್ಟರಲ್ಲಿ ಜಿನೀವಾಕ್ಕೆ ಹೋಗಿ ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಕಾರ್ಯಕ್ರಮವನ್ನು ಕಟ್ಟಿ, ಅದನ್ನೂ ಬಿಟ್ಟಿದ್ದ. 1998ರ ವಿಮಾನ ಅಪಘಾತವೊಂದರಲ್ಲಿ ಅವನೂ, ಏಡ್ಸ್ ಲಸಿಕೆಯ ಸಂಶೋಧಕಿಯಾಗಿದ್ದ ಅವನ ಪತ್ನಿಯೂ ತೀರಿಕೊಂಡರು.

ಪ್ರಶ್ನೆಯನ್ನು ಉಗಾಂಡದವರು ಎತ್ತಿಕೊಂಡರು. ಜೇಮ್ಸ್ ವಿಟ್‌ವರ್ತ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳ 484 ವಯಸ್ಕರನ್ನು 1990ರಿಂದ 1998ರವರೆಗೆ ಗಮನಿಸಿ, 2000ದಲ್ಲಿ ವರದಿ ಕೊಟ್ಟರು. ಎಚ್‌ಐವಿ ಇರುವವರು ತಪಾಸಣೆಗೆ ಬಂದಾಗ ನೂರಕ್ಕೆ ಸುಮಾರು 12 ಸಲ ರಕ್ತದಲ್ಲಿ ಮಲೇರಿಯಾ ಪರೋಪಜೀವಿ ಕಂಡಿತು, ಇಲ್ಲದವರಲ್ಲಿ ಸುಮಾರು 6 ಸಲ. ರೋಗನಿರೋಧಕ ಶಕ್ತಿ ಕುಂದಿದಂತೆ ಮಲೇರಿಯಾ ಹೆಚ್ಚುತ್ತಿತ್ತು. ಕಿನ್ಶಾಸಾದ ಮಕ್ಕಳಲ್ಲಿ ಕಾಣದ್ದು ಉಗಾಂಡದ ವಯಸ್ಕರಲ್ಲಿ ಕಂಡದ್ದೇಕೆ? ಮಲೇರಿಯಾದ ನಾಡಿನಲ್ಲಿ ಬೆಳೆದ ವಯಸ್ಕ ಹತ್ತಾರು ಜ್ವರಗಳನ್ನು ಉಂಡು ಒಂದಿಷ್ಟು ಪ್ರತಿರೋಧವನ್ನು ಕೂಡಿಟ್ಟಿರುತ್ತಾನೆ, ಎಚ್‌ಐವಿ ಕಸಿದುಕೊಳ್ಳುವುದು ಆ ಗಂಟನ್ನು. ಹಸುಗೂಸಿನ ಬಳಿ ಕಸಿಯಲು ಇನ್ನೂ ಗಂಟೇ ಇಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಹಿಮ್ಮುಖವಾದ ದಾರಿಯೂ ಇತ್ತು. ಎಚ್‌ಐವಿ ಇರುವವರಿಗೆ ಮಲೇರಿಯಾ ಜ್ವರ ಬಂದಾಗ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಕೆಲಕಾಲ ಸುಮಾರು ಎರಡರಷ್ಟಾಗುತ್ತದೆಂದು ಮಲಾವಿಯಲ್ಲಿ ಜೇಮ್ಸ್ ಕಬ್ಲಿನ್ ತಂಡ 2005ರಲ್ಲಿ ತೋರಿಸಿತು. ವೈರಸ್ಸು ಹೆಚ್ಚಿದಷ್ಟೂ ಇತರರಿಗೆ ಹರಡುವ ಸಂಭವ ಹೆಚ್ಚು. ಮರುವರ್ಷ ಇದೇ ಸಂಶೋಧಕರಲ್ಲಿ ಕೆಲವರು ಕೀನ್ಯಾದ ಕಿಸುಮು ಎಂಬ ಊರಿಗೆ ಇದನ್ನೆಲ್ಲ ಅನ್ವಯಿಸಿ ಗಣಿತದ ಲೆಕ್ಕ ಹಾಕಿದರು. ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ಕಡೆ, 1980ರಿಂದೀಚೆಗೆ, ಎರಡು ರೋಗಗಳ ಈ ಕೊಡುಕೊಳ್ಳುವಿಕೆಯಿಂದಾಗಿಯೇ 8,500 ಹೆಚ್ಚುವರಿ ಎಚ್‌ಐವಿ ಸೋಂಕುಗಳೂ 9,80,000 ಹೆಚ್ಚುವರಿ ಮಲೇರಿಯಾ ಜ್ವರಗಳೂ ಸಂಭವಿಸಿರಬಹುದು ಎಂಬ ಅಂದಾಜು ಬಂತು. ಇದು ಎಣಿಸಿದ್ದಲ್ಲ, ಲೆಕ್ಕದಿಂದ ಊಹಿಸಿದ್ದು ಎಂಬುದನ್ನು ಮರೆಯಬೇಡಿ.

ಚಿಕಿತ್ಸೆಯ ಕಡೆಯ ಸುದ್ದಿ ಉಗಾಂಡದ ಪೂರ್ವಭಾಗದಿಂದ, ಟೊರೊರೊ ಸುತ್ತಲಿನ ಹಳ್ಳಿಗಳಿಂದ ಬಂತು. ಅಲ್ಲಿ ಜೊನಾಥನ್ ಮರ್ಮಿನ್ ಎಂಬ ವೈದ್ಯನ ತಂಡ ಎಚ್‌ಐವಿ ಇರುವ ವಯಸ್ಕರ ಮನೆಗಳಿಗೇ ಹೋಗಿ ಕೆಲಸ ಮಾಡಿತು. ಮೊದಲು ಅವರಿಗೆ ಕೋ-ಟ್ರೈಮಾಕ್ಸಜೋಲ್ ಎಂಬ ಮಾತ್ರೆಯನ್ನು ದಿನಕ್ಕೊಂದರಂತೆ ಕೊಟ್ಟರು. ಕೆಮ್ಮು, ಭೇದಿಗಳಿಗೆ ನಮ್ಮ ಊರುಗಳ ಆಸ್ಪತ್ರೆಗಳಲ್ಲಿಯೂ ಕೊಡುತ್ತಿದ್ದ ಹಳೆಯ, ಅಗ್ಗದ ಔಷಧಿಯೇ ಅದು. ಅದಕ್ಕೆ ಮಲೇರಿಯಾ ಪರೋಪಜೀವಿಯನ್ನು ತಡೆಯುವ ಗುಣವೂ ಇದೆ. ಆಮೇಲೆ ಎಚ್‌ಐವಿಯ ಔಷಧಿಗಳನ್ನು ಸೇರಿಸಿದರು. ಕೊನೆಗೆ ಕೀಟನಾಶಕ ಸವರಿದ ಸೊಳ್ಳೆಪರದೆ. 2006ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಏನೂ ಇಲ್ಲದಿದ್ದಾಗ ನೂರು ಮಂದಿಗೆ ವರ್ಷಕ್ಕೆ ಸುಮಾರು 51 ಸಲ ಮಲೇರಿಯಾ. ಮಾತ್ರೆಯೊಂದರಿಂದಲೇ ಅದು 9ಕ್ಕೆ ಇಳಿಯಿತು. ಎಚ್‌ಐವಿ ಔಷಧಿಗಳು ಸೇರಿದಾಗ ಮೂರೂವರೆ. ಪರದೆ ಕಟ್ಟಿಕೊಂಡು ಮಲಗಿದ ಮೇಲೆ, ಎರಡು.